ಫೀನಿಕ್ಸ್ ಬೆಳೆದದ್ದು ರೈತರು ತಂದ ನೀರಿನ ಮೇಲೆ

ಸಂಪಾದಕರಿಗೆ,

ಮಾನ್ಯರೇ,

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ವಿಸ್ತರಣೆ ಕುರಿತು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ನಡೆದಿರುವ ಚರ್ಚೆಯನ್ನು ಮೊದಲಿನಿಂದಲೂ ಓದುತ್ತ ಬಂದಿದ್ದೇನೆ. ಕಳೆದ ವಾರ ಹುಬ್ಬಳ್ಳಿಯ ಓದುಗರೊಬ್ಬರು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಉದಾಹರಣೆ ಕೊಟ್ಟಿದ್ದಾರೆ. ನಮ್ಮ ಧಾರವಾಡದ ಕಾಲುಭಾಗದಷ್ಟು ಮಳೆ ಬೀಳುವ ಮರುಭೂಮಿಯಲ್ಲಿ 16 ಲಕ್ಷ ಜನರ ನಗರ ಎದ್ದು ನಿಂತಿರುವಾಗ ಹುಬ್ಬಳ್ಳಿ-ಧಾರವಾಡ ಬೆಳೆಯಲು ನೀರಿನ ನೆಪ ಹೇಳುವುದು ಸರಿಯಲ್ಲ, ಹಣವಿದ್ದರೆ ನೀರು ತಾನಾಗಿ ಬರುತ್ತದೆ ಎಂಬುದು ಅವರ ವಾದ. ಅವರ ಅಂಕಿಗಳು ಸರಿಯಾಗಿವೆ. ಆದರೆ ಆ ನಗರ ಹೇಗೆ ಬೆಳೆಯಿತು ಎಂಬ ಅರ್ಧ ಕಥೆ ಅವರ ಪತ್ರದಲ್ಲಿ ಬಿಟ್ಟುಹೋಗಿದೆ, ನಮಗೆ ಬೇಕಾದದ್ದು ಆ ಅರ್ಧವೇ. ನಾನು ನವಲೂರಿನ ಪೇರಲ ತೋಟದ ಮನೆಯಲ್ಲಿ ಹುಟ್ಟಿ, 28 ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. 2023ರ ಬೇಸಿಗೆಯನ್ನು ಫೀನಿಕ್ಸ್‌ಗೆ ಅಂಟಿಕೊಂಡಿರುವ ಟೆಂಪಿ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ ಕಳೆದಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯಲು ಅನುಮತಿ ಕೋರುತ್ತೇನೆ.

ಮೊದಲು ಕಣ್ಣಾರೆ ಕಂಡ ಒಂದು ಸಂಗತಿ. ಮಗಳ ಬಾಡಿಗೆ ಮನೆಯ ಹಿತ್ತಲು ಸುತ್ತಲಿನ ನೆಲಕ್ಕಿಂತ ಒಂದು ಗೇಣು ತಗ್ಗಿನಲ್ಲಿತ್ತು, ನಾಲ್ಕೂ ಕಡೆ ನಮ್ಮ ಹೊಲದ ಬದುವಿನಂತೆ ಮಣ್ಣಿನ ಒಡ್ಡು ಇತ್ತು. ಒಳಗೆ ನಾಲ್ಕು ಕಿತ್ತಳೆ ಮರಗಳು. ಬಿಸಿಲಿಗೆ ತೊಗಟೆ ಸೀಳದಿರಲೆಂದು ಅವುಗಳ ಬುಡಕ್ಕೆ ಸುಣ್ಣದಂಥ ಬಿಳಿ ಬಣ್ಣ ಬಳಿದಿದ್ದರು. ಮೂಲೆಯಲ್ಲಿ ತಾಟಿನಷ್ಟು ಅಗಲದ ಕಬ್ಬಿಣದ ಮುಚ್ಚಳ. ಹದಿನೈದು ದಿನಕ್ಕೊಮ್ಮೆ ಪಾಳಿ ಬರುತ್ತಿತ್ತು. ನಾನು ಇದ್ದಾಗ ಮೊದಲ ಪಾಳಿ ಬಂದದ್ದು ರಾತ್ರಿ ಎರಡು ಗಂಟೆಗೆ. ಅಳಿಯಂದಿರು ಬ್ಯಾಟರಿ ಹಿಡಿದು ಹೋಗಿ ಮುಚ್ಚಳದ ತಿರುಪು ಸಡಿಲಿಸಿದರು. ಕಾಲುವೆಯ ನೀರು ಗುಳುಗುಳು ಎಂದು ಮೇಲೆದ್ದು ಅರ್ಧ ತಾಸಿನಲ್ಲಿ ಹಿತ್ತಲು ಪೂರ್ತಿ ತುಂಬಿಕೊಂಡಿತು. ಅಕ್ಕಪಕ್ಕದ ಹಿತ್ತಲುಗಳಲ್ಲೂ ಬ್ಯಾಟರಿ ಬೆಳಕು ಓಡಾಡುತ್ತಿತ್ತು. ಕಾವು ಹೊತ್ತ ಮಣ್ಣು ನೀರು ಕುಡಿದಾಗ ಏಳುವ ವಾಸನೆ ನವಲೂರಿನಲ್ಲಿ ಹೇಗೋ ಅಲ್ಲಿಯೂ ಹಾಗೆಯೇ ಇತ್ತು. ಮುಖ್ಯ ಕಾಲುವೆಯ ತೂಬು ಎತ್ತಿ ಇಳಿಸುವ ನೌಕರನನ್ನು ಅಲ್ಲಿಯವರು ಇಂದಿಗೂ ಸಂಹೇರೋ ಎಂಬ ಹಳೆಯ ಸ್ಪ್ಯಾನಿಷ್ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ನೀರಗಂಟಿಯೇ ಅವನು.

ಪೇಟೆಯ ನಡುವಿನ ಮನೆಯ ಹಿತ್ತಲಿಗೆ ಕಾಲುವೆ ನೀರಿನ ಪಾಳಿ ಏಕೆ ಎಂದು ಅಳಿಯಂದಿರನ್ನು ಕೇಳಿದೆ. ಈ ನೆಲ ಮೊದಲು ಹೊಲವಾಗಿತ್ತು, ಹೊಲಕ್ಕೆ ಇದ್ದ ನೀರಿನ ಹಕ್ಕು ಮನೆ ಕಟ್ಟಿದ ಮೇಲೂ ನೆಲದಲ್ಲೇ ಉಳಿದಿದೆ ಎಂದರು. ಫೀನಿಕ್ಸ್ ನಗರದ ಚರಿತ್ರೆ ಆ ಒಂದು ಮಾತಿನಲ್ಲಿ ಅಡಗಿದೆ ಎಂದು ಆಮೇಲೆ ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು ಓದಿದಾಗ ನನಗೆ ತಿಳಿಯಿತು.

ಆ ಕಣಿವೆಯಲ್ಲಿ ಮೊದಲು ಕಾಲುವೆ ತೋಡಿದವರು ಹೊಹೊಕಾಮ್ ಎಂದು ಇತಿಹಾಸಕಾರರು ಕರೆಯುವ ಮೂಲನಿವಾಸಿ ರೈತರು. ಕಬ್ಬಿಣವಾಗಲಿ ಎತ್ತುಗಳಾಗಲಿ ಇಲ್ಲದೆ, ಕಲ್ಲು ಮತ್ತು ಕಟ್ಟಿಗೆಯ ಸಲಕರಣೆಗಳಿಂದಲೇ ಸಾಲ್ಟ್ ನದಿಯ ನೀರನ್ನು ನೂರಾರು ಮೈಲಿ ಕಾಲುವೆಗಳಲ್ಲಿ ಹರಿಸಿ ಗೋವಿನಜೋಳ, ಅವರೆ ಜಾತಿಯ ಕಾಳು, ಕುಂಬಳ ಮತ್ತು ಹತ್ತಿ ಬೆಳೆದವರು ಅವರು. ಸುಮಾರು 1450ರ ಹೊತ್ತಿಗೆ ಅವರ ದೊಡ್ಡ ಊರುಗಳು ಬರಿದಾದವು. ಕಾಲುವೆಗಳ ಗುರುತು ಮಾತ್ರ ನೆಲದಲ್ಲಿ ಉಳಿಯಿತು. 1867ರಲ್ಲಿ ಜ್ಯಾಕ್ ಸ್ವಿಲಿಂಗ್ ಎಂಬಾತ ಆ ಗುರುತು ಕಂಡು, ಕಾಲುವೆ ಕಂಪನಿ ಕಟ್ಟಿ, ಹಳೆಯ ಹಾದಿಯ ಹೂಳು ತೆಗೆಸಿ ನೀರು ಹರಿಸಿದ. ಸಮೀಪದ ಸೈನಿಕ ಠಾಣೆಯ ಕುದುರೆಗಳಿಗೆ ಹುಲ್ಲು, ಗಣಿ ಊರುಗಳಿಗೆ ಧಾನ್ಯ ಒದಗಿಸುವುದೇ ಅವನ ಉದ್ದೇಶವಾಗಿತ್ತು. ಕಾಲುವೆಯ ದಂಡೆಗುಂಟ ಕುಂಬಳಬಳ್ಳಿ ಹಬ್ಬಿದ್ದರಿಂದ ಆ ಬಿಡಾರಕ್ಕೆ ಕೆಲಕಾಲ ಕುಂಬಳದೂರು ಎಂಬರ್ಥದ ಹೆಸರೇ ಇತ್ತು. ಹಳೆಯ ನಾಗರಿಕತೆಯ ಬೂದಿಯಿಂದ ಹೊಸ ಊರು ಏಳುತ್ತಿದೆ ಎಂದು ಡ್ಯಾರೆಲ್ ಡುಪ್ಪಾ ಎಂಬಾತ ಬೂದಿಯಿಂದ ಮತ್ತೆ ಹುಟ್ಟುವ ಫೀನಿಕ್ಸ್ ಎಂಬ ಪುರಾಣದ ಹಕ್ಕಿಯ ಹೆಸರಿಟ್ಟ. 1870ರಲ್ಲಿ ಊರಿನ ನಕಾಶೆ ಬರೆಯಲಾಯಿತು, 1881ರಲ್ಲಿ ಅದು ಪುರಸಭೆಯಾಯಿತು, 1887ರಲ್ಲಿ ರೈಲು ಬಂದಿತು, 1889ರಲ್ಲಿ ರಾಜಧಾನಿಯೂ ಆಯಿತು. ಈ ಎಲ್ಲದಕ್ಕೂ ಮೊದಲು ಕಾಲುವೆ ಬಂದಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಆ ಊರು ಅಳಿದುಹೋಗುವ ಹೊತ್ತೂ ಬಂದಿತ್ತು. 1891ರಲ್ಲಿ ಸಾಲ್ಟ್ ನದಿ ಉಕ್ಕಿ ಊರೊಳಗೆ ನುಗ್ಗಿತು. ಅದೇ ದಶಕದ ಕೊನೆಯಲ್ಲಿ ವರ್ಷಗಟ್ಟಲೆ ಬರ ಬಿದ್ದು ಕಾಲುವೆಗಳು ಒಣಗಿದವು, ತೋಟಗಳು ಸುಟ್ಟುಹೋದವು, ಎಷ್ಟೋ ಕುಟುಂಬಗಳು ಗಾಡಿ ಕಟ್ಟಿಕೊಂಡು ಹೊರಟವು. ಉಳಿದ ರೈತರು 1903ರಲ್ಲಿ ಒಂದು ನೀರು ಬಳಕೆದಾರರ ಸಂಘ ಕಟ್ಟಿಕೊಂಡರು. ಒಕ್ಕೂಟ ಸರ್ಕಾರ 1902ರಲ್ಲಿ ತಂದಿದ್ದ ಕಾಯ್ದೆಯಂತೆ ಅಣೆಕಟ್ಟೆಗೆ ಸಾಲ ಬೇಕಾಗಿತ್ತು. ಅದಕ್ಕೆ ಭದ್ರತೆಯಾಗಿ ಎರಡು ಲಕ್ಷ ಎಕರೆಗೂ ಮಿಕ್ಕಿದ ತಮ್ಮ ಸ್ವಂತ ಭೂಮಿಯನ್ನು ಒತ್ತೆ ಇಟ್ಟರು. ಆ ಸಾಲದಿಂದ ಕಟ್ಟಿದ ಅಣೆಕಟ್ಟೆಯನ್ನು 1911ರ ಮಾರ್ಚ್‌ನಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಉದ್ಘಾಟಿಸಿದರು, ಅದಕ್ಕೆ ಅವರ ಹೆಸರೇ ಇದೆ.

ಇದನ್ನು ಓದುವಾಗ ನನ್ನ ಮನಸ್ಸು ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಹೋಗಿತ್ತು. ಆ ಸಂಘ ಹುಟ್ಟಿದ ಎರಡೇ ವರ್ಷಕ್ಕೆ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರಿನ ರೈತರನ್ನು ಕೂಡಿಸಿ ಸಹಕಾರ ಸಂಘ ಸ್ಥಾಪಿಸಿದರು. ಸಾವಕಾರರ ಬಡ್ಡಿಯಿಂದ ರೈತನನ್ನು ಬಿಡಿಸಲು ಹುಟ್ಟಿದ ಆ ಸಂಘದಿಂದಲೇ ದೇಶದ ಕೃಷಿ ಸಹಕಾರ ಚಳವಳಿ ಮೊದಲಾಯಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬರಗಾಲ ಕಂಡ ಎರಡು ಒಣನಾಡುಗಳ ರೈತರು, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಕೂಡಿ ನಿಲ್ಲುವ ದಾರಿ ಹಿಡಿದರು. ಅವರು ನೀರಿಗಾಗಿ ಕೂಡಿದರು, ನಮ್ಮವರು ಸಾಲಕ್ಕಾಗಿ ಕೂಡಿದರು. ನೀರಿಗಾಗಿ ಕೂಡುವ ಕೆಲಸ ನಮ್ಮಲ್ಲಿ ಸರ್ಕಾರದ ಪಾಲಿಗೆ ಬಿಟ್ಟುಹೋಯಿತು.

ಅಣೆಕಟ್ಟೆಗಿಂತಲೂ ದೊಡ್ಡದೆಂದು ನನಗೆ ತೋರುವುದು ಎರಡು ನ್ಯಾಯಾಲಯದ ತೀರ್ಪುಗಳು. ಕಾಲುವೆ ಕಂಪನಿಗಳು ನೀರನ್ನು ಭೂಮಿಯಿಂದ ಬೇರೆ ಮಾಡಿ ಮಾರುವಂತಿಲ್ಲ, ನೀರು ನೆಲಕ್ಕೆ ಸೇರಿದ್ದು ಎಂದು 1892ರಲ್ಲಿ ನ್ಯಾಯಾಧೀಶ ಕಿಬ್ಬಿ ಹೇಳಿದರು. 1910ರಲ್ಲಿ ನ್ಯಾಯಾಧೀಶ ಕೆಂಟ್ ಕಣಿವೆಯ ಒಂದೊಂದು ತುಂಡು ಭೂಮಿಯೂ ಯಾವ ವರ್ಷ ಮೊದಲು ಸಾಗುವಳಿಯಾಯಿತು ಎಂದು ಹುಡುಕಿಸಿ, ಅದೇ ಕ್ರಮದಲ್ಲಿ ನೀರಿನ ಹಕ್ಕಿನ ಪಟ್ಟಿ ಬರೆಸಿದರು. ಆ ಪಟ್ಟಿಯ ಬಲದಿಂದಲೇ ನನ್ನ ಮಗಳ ಹಿತ್ತಲಿಗೆ ರಾತ್ರಿ ಎರಡು ಗಂಟೆಗೆ ನೀರು ಬಂದದ್ದು. ನಮ್ಮ ಪಹಣಿಯಲ್ಲಿ ಬೆಳೆಯ ಕಾಲಂ ಇದೆ, ನೀರಾವರಿಯ ಮೂಲ ಬರೆಯುವ ಕಾಲಂ ಕೂಡ ಇದೆ. ಆ ಭೂಮಿ ಪ್ಲಾಟ್ ಆದ ದಿನ ಅದನ್ನು ಯಾರೂ ಓದುವುದಿಲ್ಲ.

ಹತ್ತಿಯ ಮಾತು ಬಿಟ್ಟರೆ ಹುಬ್ಬಳ್ಳಿಯ ಓದುಗರು ಒಪ್ಪಲಾರರು. ಮೊದಲ ಮಹಾಯುದ್ಧದ ಹೊತ್ತಿಗೆ ಮೋಟಾರು ಟೈರುಗಳ ಒಳಬಟ್ಟೆಗೆ ಉದ್ದ ಎಳೆಯ ಹತ್ತಿ ಬೇಕಾಯಿತು. ಅಲ್ಲಿನ ರೈತರು ಕುದುರೆ ಮಸಾಲೆ ಹುಲ್ಲಿನ ಹೊಲಗಳನ್ನು ಮುರಿದು, ದನಗಳನ್ನು ಮಾರಿ ಪಿಮಾ ಹತ್ತಿ ಬಿತ್ತಿದರು. ಯುದ್ಧ ಮುಗಿದು 1920ರಲ್ಲಿ ಧಾರಣೆ ಬಿದ್ದಾಗ ಕೈ ಸುಟ್ಟುಕೊಂಡರು. ಅದಕ್ಕೂ ಅರ್ಧ ಶತಮಾನ ಮೊದಲು ಇದೇ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ನಮ್ಮ ಧಾರವಾಡ-ಅಮೆರಿಕನ್ ಹತ್ತಿಗೆ ಬಂಗಾರದ ಬೆಲೆ ಬಂದು, ಯುದ್ಧ ಮುಗಿದೊಡನೆ ಇಳಿದುಹೋಗಿತ್ತು. ಇನ್ನೊಂದು ನಂಟನ್ನು ಹೇಳಲೇಬೇಕು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿಯ ಒಂದು ಬೇರು ಬಾರ್ಬಡೆನ್ಸ್ ಜಾತಿಯದು. ಅರಿಜೋನಾದ ಪಿಮಾ ಹತ್ತಿಯೂ ಅದೇ ಜಾತಿಯದು. ಅಮರಗೋಳದ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಡಿಸೆಂಬರ್ ಬಂತೆಂದರೆ ಗಾಡಿಗಳ ಸಾಲು ಮುಗಿಯುತ್ತಿರಲಿಲ್ಲ. ನನ್ನ ತಂದೆಯವರು ಹತ್ತಿ ಅಂಡಿಗೆಯ ಮೇಲೆ ನನ್ನನ್ನು ಕೂಡ್ರಿಸಿಕೊಂಡು ಹುಬ್ಬಳ್ಳಿ ಪೇಟೆಗೆ ಕರೆದೊಯ್ದದ್ದು ನನಗೆ ಇನ್ನೂ ನೆನಪಿದೆ.

ಎರಡನೆಯ ಮಹಾಯುದ್ಧದಲ್ಲಿ ಫೀನಿಕ್ಸ್ ಸುತ್ತ ವಿಮಾನಪಡೆಯ ತರಬೇತಿ ನೆಲೆಗಳು ಬಂದವು, 1949ರಲ್ಲಿ ಮೋಟೊರೊಲಾ ಪ್ರಯೋಗಾಲಯ ಬಂದಿತು, ಮನೆಮನೆಗೆ ಹವಾನಿಯಂತ್ರಣ ಬಂದಿತು. 1950ರಲ್ಲಿ ಸುಮಾರು 1 ಲಕ್ಷ 7 ಸಾವಿರ ಇದ್ದ ಜನಸಂಖ್ಯೆ 1960ಕ್ಕೆ 4 ಲಕ್ಷ 39 ಸಾವಿರವಾಯಿತು. ನಗರದ ಹರವು ಅದೇ ಹತ್ತು ವರ್ಷಗಳಲ್ಲಿ 17 ಚದರ ಮೈಲಿಯಿಂದ 187 ಚದರ ಮೈಲಿಗೆ ಏರಿತು. 2020ರ ಜನಗಣತಿಯಲ್ಲಿ ಅದು 16 ಲಕ್ಷ 8 ಸಾವಿರ ಜನರ ಊರು. ನನ್ನ ಹುಬ್ಬಳ್ಳಿಯ ಸಹ-ಓದುಗರು ಮೆಚ್ಚಿ ಬರೆದದ್ದು ಈ ಭಾಗವನ್ನು.

ಇಲ್ಲಿಯೇ ನಾವು ನಿಂತು ವಿಚಾರ ಮಾಡಬೇಕಾದ ವ್ಯತ್ಯಾಸ ಇದೆ. ಫೀನಿಕ್ಸ್‌ನಲ್ಲಿ ಕಿತ್ತಳೆ ತೋಟ ಕಡಿದು, ಹತ್ತಿ ಹೊಲ ಸಮ ಮಾಡಿ ಮನೆ ಕಟ್ಟಿದಾಗ ಆ ನೆಲ ಮೊದಲೇ ಕಾಲುವೆಯ ನೆಲವಾಗಿತ್ತು. ಒಂದು ಎಕರೆ ಕುದುರೆ ಮಸಾಲೆಯೋ ಹತ್ತಿಯೋ ಆ ಬಿಸಿಲಿನಲ್ಲಿ ಹೀರುವ ನೀರಿಗಿಂತ ಒಂದು ಎಕರೆಯಲ್ಲಿ ಕಟ್ಟಿದ ಮನೆಗಳಿಗೆ ಬೇಕಾಗುವ ನೀರು ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಕಾಲುವೆಯ ಹೊಲಗಳ ಮೇಲೆ ನಗರ ಹಬ್ಬಿದಷ್ಟೂ ಕಾಲ ನೀರಿನ ಲೆಕ್ಕ ಕೆಡಲಿಲ್ಲ. ರೈತನ ಪಾಲು ಮನೆಯವನ ಪಾಲಾಯಿತು ಅಷ್ಟೇ. ನಮ್ಮ ಎರಿ ಹೊಲದ ಸ್ಥಿತಿ ಬೇರೆ. ತಾರಿಹಾಳ, ರಾಯನಾಳ, ಅಂಚಟಗೇರಿ ಕಡೆಯ ಕರಿ ಮಣ್ಣು ಯಾವ ಕಾಲುವೆಯನ್ನೂ ಕೇಳಿದ್ದಲ್ಲ. ಮುಂಗಾರಿ ಮಳೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಹಿಂಗಾರಿ ಜೋಳ, ಕಡಲೆ, ಕುಸುಬೆಯನ್ನು ಇಬ್ಬನಿಯಲ್ಲೇ ಬೆಳೆದುಕೊಟ್ಟ ಮಣ್ಣು ಅದು. ಅಂಥ ಹೊಲದಲ್ಲಿ ನಲವತ್ತು ಮನೆ ಎದ್ದರೆ ನಲವತ್ತು ಮನೆಯ ನೀರೂ ಹೊಸದಾಗಿ ಎಲ್ಲಿಂದಲೋ ಬರಬೇಕು. ಆ ಎಲ್ಲಿಂದಲೋ ಎಂಬುದು ಮಲಪ್ರಭಾ ಅಣೆಕಟ್ಟೆ ಇರುವ ಸವದತ್ತಿಯ ನವಿಲುತೀರ್ಥದ ಹೊರತು ಬೇರೆ ಯಾವ ಊರೂ ಅಲ್ಲ. ಒಂದು ಕಾಲಕ್ಕೆ ಉಣಕಲ್ ಕೆರೆ ಸಾಕಾಗಿತ್ತು, ಆಮೇಲೆ ನೀರಸಾಗರ ಬೇಕಾಯಿತು, ಈಗ ಮಲಪ್ರಭೆಯನ್ನೇ ನಂಬಿ ಕುಳಿತಿದ್ದೇವೆ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು.

ನವಲೂರಿನ ಮಾತು ಹೇಳಿದರೆ ಗಂಟಲು ಕಟ್ಟುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ರಸ್ತೆಯ ಪಕ್ಕದ ಬುಟ್ಟಿಗಳಲ್ಲಿ ಎಲೆ ಸಮೇತ ಜೋಡಿಸಿಟ್ಟ ಪೇರಲ ಹಣ್ಣು ಗೊತ್ತು. ನಮ್ಮ ಮನೆಯ ಎರಡು ಎಕರೆ ತೋಟ ಅಣ್ಣತಮ್ಮಂದಿರ ಪಾಲಾಗಿ, ಪಾಲುಗಳು ಪ್ಲಾಟುಗಳಾಗಿ, ಈಗ ಅಲ್ಲಿ ಹದಿನಾರು ಮನೆಗಳಿವೆ. ನನ್ನ ಪಾಲಿನಲ್ಲಿ ಉಳಿದ ಮೂರು ಗಿಡಗಳಿಗೆ ತೋಟದ ಹಳೆಯ ಬಾವಿಯಿಂದ ಕೊಡ ಹೊತ್ತು ಹಾಕುತ್ತೇನೆ. ತೋಟ ಮಾರಿದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಹೆಣ್ಣುಮಕ್ಕಳ ಮದುವೆ, ಆಸ್ಪತ್ರೆಯ ಖರ್ಚು, ಹಣ್ಣಿಗೆ ಸಿಗದ ಬೆಲೆ ಇವುಗಳ ನಡುವೆ ರೈತ ಮಾರುತ್ತಾನೆ. ಮಾರುವಾಗ ನೀರಿನ ಲೆಕ್ಕ ಕೇಳುವವರು ಇಲ್ಲವಲ್ಲ ಎಂಬುದೇ ನನ್ನ ದುಃಖ.

ಫೀನಿಕ್ಸ್ ಕೂಡ ಆ ಲೆಕ್ಕವನ್ನು ತಡವಾಗಿಯೇ ಕೇಳಿತು. ಕಾಲುವೆಯ ಹೊಲಗಳು ಮುಗಿದ ಮೇಲೆ ನಗರ ಬರಿ ಮರುಭೂಮಿಯ ಮೇಲೆ ಹಬ್ಬಿತು. ಬೋರುಗಳು ಆಳವಾದವು. ಅಂತರ್ಜಲ ತೆಗೆದ ಕಡೆ ನೆಲ ಕುಸಿಯಿತು, ಹೊಲಗಳಲ್ಲಿ ಉದ್ದುದ್ದ ಬಿರುಕು ಬಿಟ್ಟಿತು. ಕೊಲರಾಡೊ ನದಿಯಿಂದ 336 ಮೈಲಿ ಕಾಲುವೆ ತೋಡಿ, ಸುಮಾರು 2,900 ಅಡಿ ಮೇಲೆತ್ತಿ ನೀರು ತರುವ ಯೋಜನೆಗೆ 1968ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಅಂತರ್ಜಲಕ್ಕೆ ಕಡಿವಾಣ ಹಾಕದಿದ್ದರೆ ಆ ಯೋಜನೆಗೆ ಹಣ ಕೊಡುವುದಿಲ್ಲ ಎಂದು ಒಕ್ಕೂಟ ಸರ್ಕಾರ ಪಟ್ಟು ಹಿಡಿಯಿತು. ಆಗ ಗವರ್ನರ್ ಬ್ರೂಸ್ ಬ್ಯಾಬಿಟ್ ಅವರು ನಗರಗಳನ್ನೂ ಗಣಿಗಳನ್ನೂ ರೈತರನ್ನೂ ಒಂದೇ ಮೇಜಿಗೆ ಕೂಡ್ರಿಸಿ 1980ರ ಜೂನ್‌ನಲ್ಲಿ ಅಂತರ್ಜಲ ಕಾಯ್ದೆ ತಂದರು. ಫೀನಿಕ್ಸ್‌ನಂಥ ನಿಯಂತ್ರಿತ ಪ್ರದೇಶದಲ್ಲಿ ಹೊಸ ಬಡಾವಣೆಯ ಪ್ಲಾಟ್ ಮಾರುವ ಮೊದಲು 100 ವರ್ಷಕ್ಕೆ ಸಾಕಾಗುವ ನೀರು ಇದೆ ಎಂದು ತೋರಿಸಬೇಕು ಎಂಬ ನಿಯಮ ಅದರಲ್ಲಿದೆ.

ಅದೇ 1980ರ ಜುಲೈ 21ರಂದು ನಮ್ಮ ನರಗುಂದ-ನವಲಗುಂದದಲ್ಲಿ ಏನು ನಡೆಯಿತೆಂದು ಈ ಭಾಗದ ಓದುಗರಿಗೆ ನೆನಪಿಸಬೇಕಾಗಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು, ಹೊಲಕ್ಕೆ ನೀರು ತಲುಪದಿದ್ದರೂ ಹೇರಿದ ಬೆಟರ್‌ಮೆಂಟ್ ಲೆವಿ ಎಂಬ ಕರದ ವಿರುದ್ಧ ಎದ್ದು ನಿಂತು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟರು. ಆ ರೈತರ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದು ಇಂದಿಗೂ ಕಷ್ಟ. ಅದೇ ಜಲಾಶಯದಿಂದ ನಾವು ಕುಡಿಯುತ್ತೇವೆ. ಕಳಸಾ-ಬಂಡೂರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತವರಲ್ಲಿಯೂ ಹೆಚ್ಚಿನವರು ಅದೇ ತಾಲ್ಲೂಕುಗಳ ರೈತರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು, ಕಳಸಾ ಮತ್ತು ಬಂಡೂರಿ ಎರಡೂ ಕೂಡಿ 3.9 ಟಿಎಂಸಿ ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ಆ ನೀರು ಬಂದ ದಿನ ಅದು ಯಾರ ಪಾಲು ಎಂಬ ಪ್ರಶ್ನೆ ಏಳುತ್ತದೆ. ಧರಣಿ ಕುಳಿತವರು ಅವರು, ಪ್ಲಾಟ್ ಮಾರುವವರು ನಾವು.

ಫೀನಿಕ್ಸ್ ಚರಿತ್ರೆಯ ಕಹಿಯನ್ನೂ ಮುಚ್ಚಿಡಬಾರದು. ಪಕ್ಕದ ಹೀಲಾ ನದಿಯ ದಂಡೆಯ ಅಕಿಮೆಲ್ ಓಓಧಮ್ ಎಂಬ ಮೂಲನಿವಾಸಿ ರೈತರು ಹತ್ತೊಂಬತ್ತನೆಯ ಶತಮಾನದ ನಡುವೆ ಹಾದುಹೋಗುವ ಪ್ರಯಾಣಿಕರಿಗೂ ಸೈನ್ಯಕ್ಕೂ ಗೋಧಿ ಮಾರುವಷ್ಟು ಬೆಳೆಯುತ್ತಿದ್ದರು. ಮೇಲ್ಭಾಗದ ವಲಸಿಗರು ನದಿಯನ್ನು ತಿರುಗಿಸಿಕೊಂಡ ಮೇಲೆ ಅವರ ಹೊಲ ಒಣಗಿ ಅವರು ಉಪವಾಸ ಬಿದ್ದರು. ಅವರ ನೀರಿನ ಹಕ್ಕನ್ನು ಕಾನೂನು ಒಪ್ಪಿ ತುಂಬಿಕೊಡಲು 2004ರವರೆಗೆ ಕಾಯಬೇಕಾಯಿತು. ಇನ್ನು ಕೊಲರಾಡೊ ನದಿ ಬತ್ತಿ 2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಕೊರತೆ ಘೋಷಣೆಯಾದಾಗ, ಮರುವರ್ಷ ಅತಿ ಹೆಚ್ಚು ನೀರು ಕಳೆದುಕೊಂಡವರು ಫೀನಿಕ್ಸ್‌ನ ಮನೆಯವರಾಗಿರಲಿಲ್ಲ, ದಕ್ಷಿಣದ ಪಿನಾಲ್ ಜಿಲ್ಲೆಯ ಹತ್ತಿ ಮತ್ತು ಮೇವಿನ ರೈತರಾಗಿದ್ದರು. ರೈತರು ತೋಡಿದ ಕಾಲುವೆಯಿಂದ ಹುಟ್ಟಿದ ನಾಡಿನಲ್ಲಿ ಕೊರತೆ ಬಂದಾಗ ಮೊದಲು ಹೊಲವೇ ಒಣಗಿತು. ನವಲಗುಂದದ ರೈತರು ಇದನ್ನು ಓದಿದರೆ ಅವರಿಗೆ ಹೊಸತೇನೂ ಅನ್ನಿಸಲಿಕ್ಕಿಲ್ಲ.

ನಾನು ಅಲ್ಲಿದ್ದ 2023ರ ಜೂನ್ 30ರಿಂದ ಜುಲೈ 30ರವರೆಗೆ, 31 ದಿನ ಎಡೆಬಿಡದೆ, ಫೀನಿಕ್ಸ್‌ನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮೀರಿತು. ರಾತ್ರಿಯೂ ಗೋಡೆ ಮುಟ್ಟಿದರೆ ಹೆಂಚಿನ ಕಾವು. ಅದೇ ಜೂನ್ ತಿಂಗಳ ಮೊದಲಲ್ಲಿ ರಾಜ್ಯ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತ್ತು: ಮುಂದಿನ 100 ವರ್ಷದ ಲೆಕ್ಕದಲ್ಲಿ ಅಂತರ್ಜಲ ಸಾಲದಾಗುವುದರಿಂದ, ಬರಿ ಬೋರಿನ ನೀರನ್ನೇ ನಂಬಿದ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಪ್ರದೇಶದಲ್ಲಿ ಇನ್ನು ಪ್ರಮಾಣಪತ್ರ ಕೊಡುವುದಿಲ್ಲ. ಕೊರತೆಯ ಅಂದಾಜು ಶೇಕಡಾ 4 ಮಾತ್ರ. ಆ ನಾಲ್ಕಕ್ಕಾಗಿ ಕೋಟ್ಯಂತರ ಡಾಲರಿನ ವ್ಯವಹಾರ ನಿಲ್ಲಿಸುವ ಧೈರ್ಯ ಒಂದು ಸರ್ಕಾರಕ್ಕೆ ಬಂದದ್ದು ಲೆಕ್ಕ ಬರೆದಿಟ್ಟಿದ್ದರಿಂದ. ಅದೇ ವರ್ಷ ನಮ್ಮ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ನಾನು ಊರಿಗೆ ಮರಳಿದಾಗ ಬೈಪಾಸ್ ಪಕ್ಕದಲ್ಲಿ ಹೊಸ ಬಡಾವಣೆಗಳ ಫಲಕ ಮೊದಲಿಗಿಂತ ಹೆಚ್ಚಾಗಿದ್ದವು.

ಕಾಯ್ದೆ ಇದ್ದ ಮಾತ್ರಕ್ಕೆ ತಪ್ಪಿಸಿಕೊಳ್ಳುವವರು ಇಲ್ಲವೆಂದಲ್ಲ. ಆರಕ್ಕಿಂತ ಕಡಿಮೆ ತುಂಡು ಮಾಡಿದ ಭೂಮಿಗೆ ಆ 100 ವರ್ಷದ ನಿಯಮ ತಾಗುವುದಿಲ್ಲ. ಹೀಗೆ ನಾಲ್ಕು, ಐದು ತುಂಡು ಮಾಡಿ ಮಾರುತ್ತ ಹೋಗಿ ಸ್ಕಾಟ್ಸ್‌ಡೇಲ್ ನಗರದ ಅಂಚಿನಲ್ಲಿ ರಿಯೋ ವರ್ಡೆ ಫುಟ್‌ಹಿಲ್ಸ್ ಎಂಬ ವಸತಿ ಬೆಳೆಯಿತು. ಅಲ್ಲಿನ ನೂರಾರು ಮನೆಗಳು ಟ್ಯಾಂಕರ್ ನೀರಿನಲ್ಲಿ ಬದುಕುತ್ತಿದ್ದವು. 2023ರ ಜನವರಿ 1ರಿಂದ ಸ್ಕಾಟ್ಸ್‌ಡೇಲ್ ತನ್ನ ನಲ್ಲಿಯಿಂದ ಆ ಟ್ಯಾಂಕರುಗಳಿಗೆ ನೀರು ತುಂಬಿಸುವುದನ್ನು ನಿಲ್ಲಿಸಿತು. ನಮ್ಮ ಗುಂಟಾ ಪ್ಲಾಟ್ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನನ್ನ ತಮ್ಮನ ಮಗ ನಿವೃತ್ತಿ ಹಣ ಕೂಡಿಸಿ ಊರ ಹೊರಗಿನ ಒಂದು ಬಡಾವಣೆಯಲ್ಲಿ ಮೂವತ್ತು ನಲವತ್ತರ ಪ್ಲಾಟ್ ಕೊಂಡ. ಖರೀದಿಯ ದಿನ ನಾನೂ ಜೊತೆಗಿದ್ದೆ. ನೀರಿನ ವ್ಯವಸ್ಥೆ ಏನು ಎಂದು ಕೇಳಿದ್ದಕ್ಕೆ ಮಾರುವವರು ನಗುತ್ತ, “ಕಾಕಾ, ಸದ್ಯಕ್ಕ ಬೋರ್ ಹೊಡಿಸೇವ್ರಿ, ಮುಂದ ಮಲಪ್ರಭಾ ಬಂದs ಬರ್ತದ್ರಿ” ಎಂದರು. ಎರಡನೆಯ ಬೇಸಿಗೆಗೆ ಬೋರು ಬರಿ ಗಾಳಿ ಉಗುಳಿತು. ಈಗ ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಟ್ಯಾಂಕರಿನ ಪೈಪು ಸಂಪಿಗೆ ಇಳಿಬಿಟ್ಟಾಗ ಸೊಸೆ ಪಕ್ಕದಲ್ಲಿ ನಿಂತು, ಸೋರುವ ಜೋಡಣೆಯ ಕೆಳಗೆ ಬಕೆಟ್ ಹಿಡಿಯುತ್ತಾಳೆ. ಆ ಬಡಾವಣೆಯ ಹೆಸರಿನಲ್ಲಿ ಸರೋವರ ಎಂಬ ಪದ ಇದೆ.

ನಮ್ಮಲ್ಲಿ ಒಳ್ಳೆಯ ಕೆಲಸ ಆಗಿಲ್ಲವೆಂದು ನಾನು ಹೇಳುವುದಿಲ್ಲ. ದಿನದ 24 ತಾಸೂ ನೀರು ಕೊಡುವ ಪ್ರಯೋಗ 2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ಮೊದಲಾದಾಗ, ಆ ವಾರ್ಡಿನ ನನ್ನ ಸಹೋದ್ಯೋಗಿಯೊಬ್ಬರು ಅಟ್ಟದ ಮೇಲಿನ ಕೊಳಗಗಳನ್ನೆಲ್ಲ ಪಾತ್ರೆ ಅಂಗಡಿಗೆ ಮಾರಿಬಿಟ್ಟರು. ಆದರೆ ಉಳಿದ ವಾರ್ಡುಗಳಲ್ಲಿ ವಾಲ್ವ್‌ಮನ್ ಯಾವ ದಿನ ಬರುತ್ತಾನೆ ಎಂಬುದರ ಮೇಲೆ ಮದುವೆ ಮುಹೂರ್ತ ನಿಂತ ಕಾಲವೂ ಇತ್ತು. ಇನ್ನು ಬಳಸಿದ ನೀರಿನ ವಿಷಯ. ಫೀನಿಕ್ಸ್ ಪ್ರದೇಶದ ಚರಂಡಿ ನೀರನ್ನು ಶುದ್ಧೀಕರಿಸಿ, ಪಾಲೊ ವರ್ಡೆ ಎಂಬ ಅಣುವಿದ್ಯುತ್ ಸ್ಥಾವರವನ್ನು ತಂಪಾಗಿಡಲು ಕೊಡುತ್ತಾರೆ, ಅದಕ್ಕಾಗಿ ಬೇರೆ ನದಿ ನೀರು ಬೇಡ. ನಮ್ಮ ಗಬ್ಬೂರು, ಕಟ್ನೂರು ಕಡೆಯ ರೈತರು ಹುಬ್ಬಳ್ಳಿಯ ನಾಲಾಕ್ಕೆ ಪಂಪು ಹಚ್ಚಿ ಕಾಯಿಪಲ್ಯ ಬೆಳೆಯುತ್ತಾರೆ. ಅವರು ನೀರಿನ ಬೆಲೆ ಬಲ್ಲವರು. ಆ ನೀರನ್ನು ಶುದ್ಧ ಮಾಡಿ ಅವರ ಹೊಲಕ್ಕೆ ಮುಟ್ಟಿಸುವ ಹೊಣೆ ಮಾತ್ರ ನಗರದ್ದು.

ಧಾರವಾಡದಲ್ಲಿ ನೆಲ-ಜಲ ನಿರ್ವಹಣೆಗಾಗಿಯೇ ವಾಲ್ಮಿ ಸಂಸ್ಥೆ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, ಈಗ ಐಐಟಿಯೂ ಇದೆ. ಈ ಮೂವರನ್ನು ಮಹಾನಗರ ಪಾಲಿಕೆಯ ಜೊತೆ ಕೂಡ್ರಿಸಿ, ಮಲಪ್ರಭೆಯಿಂದ ನಮಗೆ ಬರುವ ನೀರು ಎಷ್ಟು, ಈಗ ಒಪ್ಪಿಗೆ ಪಡೆದಿರುವ ಬಡಾವಣೆಗಳು ತುಂಬಿದರೆ ಬೇಕಾಗುವುದು ಎಷ್ಟು, ನವಲಗುಂದ-ನರಗುಂದದ ಪಾಲನ್ನು ಮುಟ್ಟದೆ ಇನ್ನೆಷ್ಟು ಮನೆಗಳಿಗೆ ಕೊಡಬಹುದು ಎಂದು ಒಂದು ಲೆಕ್ಕ ಬರೆಸಿ, ಅದನ್ನು ಕನ್ನಡದಲ್ಲಿ ಅಚ್ಚು ಮಾಡಿ ವಾರ್ಡ್ ಕಚೇರಿಗಳಲ್ಲಿ ಹಚ್ಚಬೇಕೆಂದು ನಾನು ಕೇಳಿಕೊಳ್ಳುತ್ತೇನೆ. 100 ವರ್ಷದ ಮಾತು ನಮಗೆ ದೊಡ್ಡದಾಯಿತೆಂದರೆ 30 ವರ್ಷವಾದರೂ ಇರಲಿ, ಒಂದು ಮನೆ ಸಾಲದ ಕಂತು ಮುಗಿಯುವಷ್ಟು ಕಾಲವದು. ಹೊಲವನ್ನು ಎನ್‌ಎ, ಅಂದರೆ ಕೃಷಿಯೇತರ, ಮಾಡುವ ಅರ್ಜಿಯಲ್ಲಿ ರಸ್ತೆ ಅಗಲ, ಉದ್ಯಾನದ ಜಾಗ, ಚರಂಡಿಯ ಇಳಿಜಾರು ಎಲ್ಲವನ್ನೂ ಕೇಳುತ್ತಾರೆ. ಅದೇ ಅರ್ಜಿಯಲ್ಲಿ ನೀರಿನ ಮೂಲ ಯಾವುದು, ಎಷ್ಟು ವರ್ಷಕ್ಕೆ, ಯಾರು ಖಾತ್ರಿ ಕೊಟ್ಟವರು ಎಂಬ ಮೂರು ಸಾಲು ಸೇರಬೇಕು, ಆ ಮೂರು ಸಾಲನ್ನು ಬಡಾವಣೆಯ ಬಾಗಿಲಲ್ಲಿ ನಕಾಶೆಯ ಪಕ್ಕದಲ್ಲೇ, ನಕಾಶೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಖರೀದಿಗೆ ಬಂದವರು ಕಟ್ಟಡದ ಚಿತ್ರ ನೋಡುವ ಮೊದಲು ಅದನ್ನು ಓದುವಂತಾಗಬೇಕು.

ಪೇರಲ ಸುಗ್ಗಿ ಈಗ ನಡೆದಿದೆ. ಫೀನಿಕ್ಸ್ ಬಗ್ಗೆ ಬರೆದ ಆ ಓದುಗರು ಒಂದು ದಿನ ನವಲೂರಿಗೆ ಬಂದರೆ ಉಳಿದ ಮೂರು ಗಿಡಗಳ ಹಣ್ಣು ಕೊಟ್ಟು, ಆ ಹಳೆಯ ಬಾವಿಯ ನೀರಿನ ಮಟ್ಟವನ್ನೂ ಹಗ್ಗ ಇಳಿಬಿಟ್ಟು ತೋರಿಸುತ್ತೇನೆ. ನನ್ನ ತಂದೆಯವರ ಕಾಲದ ಗುರುತು ಬಾವಿಯ ಕಲ್ಲಿನ ಮೇಲೆ ಇನ್ನೂ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ನವಲೂರು, ಧಾರವಾಡ